ತಟ್ಟೆ ಇಡ್ಲಿ ಪಾತ್ರೆಯಲ್ಲಿ ಟರ್ಕಿ: ನನ್ನ ಅನುಭವ

2024ರ ಥ್ಯಾಂಕ್ಸ್‌ಗಿವಿಂಗ್ ದಿನ, ಅಂದ್ರೆ ಅಮೆರಿಕದವರು ಟರ್ಕಿ ಕೋಳಿ ಬೇಯಿಸಿ ತಿನ್ನೋ ಹಬ್ಬದ ದಿನ, ನಮ್ಮ ಭಾವ ಎರಡನೇ ಸಲ ಟರ್ಕಿ ಬಡಿಸಿಕೊಂಡರು. ಇದನ್ನ ಬರೆಯೋದಕ್ಕೆ ಅಷ್ಟೇ ಕಾರಣ ಸಾಕು. "ಟರ್ಕಿ ಅಂದ್ರೆ ಉಪ್ಪು ಹಾಕಿದ ಹತ್ತಿ ಕಣೋ" ಅಂತ ಐದು ವರ್ಷದಿಂದ ನನ್ನ ಮುಖಕ್ಕೇ ಹೇಳುತ್ತಾ ಬಂದ ಮನುಷ್ಯ ಅವರು.

ನಾವಿರೋದು ನ್ಯೂಜೆರ್ಸಿಯಲ್ಲಿ. ನವೆಂಬರ್‌ನ ನಾಲ್ಕನೇ ಗುರುವಾರ ಅಕ್ಕ, ಭಾವ, ಮಕ್ಕಳು ಮೇರಿಲ್ಯಾಂಡಿನಿಂದ ಬರುತ್ತಾರೆ. ಪಕ್ಕದ ಮನೆಯ ಅಮೆರಿಕನ್ ದಂಪತಿ ಬರುತ್ತಾರೆ. ಇನ್ನೊಂದು ಕನ್ನಡದ ಸಂಸಾರ ಬರುತ್ತೆ, ಅವರು ಮೊಟ್ಟೆಯನ್ನೂ ಮುಟ್ಟದವರು. ಒಟ್ಟು 12 ಜನ, ಟರ್ಕಿ ತಿನ್ನುವವರು 8. ಮನೆಯಲ್ಲಿರೋದು ಒಂದೇ ಓವನ್. ನನ್ನ ಅರ್ಧ ಕಷ್ಟಕ್ಕೆ ಆ ಓವನ್ನೇ ಮೂಲ.

ನಾನು ತರೋದು ಅಂಗಡಿಯವರೇ ಬೇಯಿಸಿದ ಟರ್ಕಿ, ಮನೆಯಲ್ಲಿ ಬಿಸಿ ಮಾಡೋದಷ್ಟೇ ಕೆಲಸ. ಹಸಿ ಟರ್ಕಿನೇ ತರಬಹುದಲ್ಲ ಅಂತ ಕೇಳಬೇಡಿ. 2018ರಲ್ಲಿ ತಂದಿದ್ದೆ, ಅದೂ ಪುಕ್ಕಟೆ. ಹಬ್ಬದ ಮುಂಚೆ ಇಂತಿಷ್ಟು ಡಾಲರ್ ಸಾಮಾನು ಕೊಂಡರೆ ಫ್ರೋಜನ್ ಟರ್ಕಿ ಫ್ರೀ ಅಂತ ಕೆಲವು ಅಂಗಡಿಯವರು ಕೊಡ್ತಾರಲ್ಲ, ಅದು. 16 ಪೌಂಡ್ ಇತ್ತು. 4-5 ಪೌಂಡಿಗೆ ಒಂದು ದಿನ ಫ್ರಿಜ್‌ನಲ್ಲಿಟ್ಟು ಕರಗಿಸಬೇಕು ಅನ್ನೋದು ಗೊತ್ತಿದ್ದೂ ಎರಡೇ ದಿನ ಇಟ್ಟೆ. ಗುರುವಾರ ಬೆಳಿಗ್ಗೆ ಹೊಟ್ಟೆಯೊಳಗೆ ಕೈ ಹಾಕಿದರೆ ಬರೀ ಐಸು. ಕುತ್ತಿಗೆ, ಈಲಿ ತುಂಬಿದ ಪೊಟ್ಟಣ ಒಳಗೇ ಕಚ್ಚಿಕೊಂಡು ಕೂತಿತ್ತು. ಆ ರಾತ್ರಿ ಎಲ್ಲರೂ ಪುಳಿಯೋಗರೆ ತಿಂದರು.

2019ರಿಂದ ಬೇಯಿಸಿದ್ದನ್ನೇ ತರೋದು ಅಂತ ಆಯ್ತು. ಇಲ್ಲೊಂದು ಮಾತು. ಲೇಬಲ್ ಮೇಲೆ 'ಫುಲ್ಲಿ ಕುಕ್ಡ್' ಅಂತ ಇರಬೇಕು. 'ಓವನ್ ರೆಡಿ' ಅಂತ ಇದ್ದರೆ ಅದು ಹಸಿ. ನನ್ನ ಸ್ನೇಹಿತನೊಬ್ಬ ಓವನ್ ರೆಡಿ ತಂದು, ಬರೀ ಬಿಸಿ ಮಾಡಿದರೆ ಸಾಕು ಅಂದುಕೊಂಡು, ಊಟದ ಹೊತ್ತಿಗೆ ತೊಡೆ ಕೊಯ್ದರೆ ರಕ್ತ. ಕೊಳ್ಳುವಾಗಲೇ ಇನ್ನೊಂದು ಕೇಳಿ: ಬಿಸಿಯಾಗಿ ಕೊಡ್ತಾರಾ, ತಣ್ಣಗೆ ಕೊಡ್ತಾರಾ? ಬಿಸಿಯದು ಚೆಂದ ಅನ್ನಿಸುತ್ತೆ, ಆದರೆ ಅದನ್ನ ತಂದ 2 ಗಂಟೆ ಹೊತ್ತಿನೊಳಗೆ ತಿನ್ನಬೇಕು, ಇಲ್ಲಾ ಮಾಂಸ ಬಿಡಿಸಿ ಫ್ರಿಜ್‌ಗೆ ಹಾಕಬೇಕು. ನನಗೆ ತಣ್ಣಗಿರೋದೇ ಬೇಕು. ಬುಧವಾರ ಮಧ್ಯಾಹ್ನ ಚೀಟಿ ಹಿಡಿದು ಕ್ಯೂನಲ್ಲಿ ನಿಂತು ತರುತ್ತೇನೆ. ಕಾರಿನಲ್ಲಿ ಕೂಲರ್, ಕೂಲರ್‌ನಲ್ಲಿ ಐಸು.

ಮೊದಲ ಮೂರು ಸಲ ದುಡ್ಡು ಹೊಳೆಗೆ ಹಾಕಿದ ಹಾಗಾಯ್ತು. 2019ರಲ್ಲಿ 10 ಪೌಂಡಿನ ಹಕ್ಕಿ, ಜೊತೆಗೆ ಗ್ರೇವಿ, ಸ್ಟಫಿಂಗ್, ಆಲೂಗಡ್ಡೆ ಎಲ್ಲಾ ಸೇರಿ ಸುಮಾರು 130 ಡಾಲರ್. ಇಡೀ ಹಕ್ಕಿಯನ್ನ ಹಾಗೇ ಓವನ್‌ನಲ್ಲಿ 350 ಡಿಗ್ರಿಯಲ್ಲಿ (ಇಲ್ಲಿ ಹೇಳೋ ಡಿಗ್ರಿ ಎಲ್ಲಾ ಫ್ಯಾರನ್‌ಹೀಟ್) ಇಟ್ಟೆ, ಮೇಲೆ ಏನೂ ಮುಚ್ಚದೆ. ಎರಡೂಕಾಲು ಗಂಟೆ ಆದಮೇಲೂ ತೊಡೆ ಸಂದಿನಲ್ಲಿ ಥರ್ಮಾಮೀಟರ್ 110 ತೋರಿಸ್ತಿತ್ತು. ಎದೆ ಮಾಂಸ ಅಷ್ಟೊತ್ತಿಗೆ ತೆಂಗಿನ ನಾರು. ಭಾವ ಹತ್ತಿ ಅಂದಿದ್ದು ಆವತ್ತೇ.

2021ರಲ್ಲಿ ಅಂಗಡಿಯವರು ಕೊಟ್ಟ ಚೀಟಿಯಲ್ಲಿದ್ದ ಹಾಗೇ ಮಾಡಿದೆ. 325 ಡಿಗ್ರಿ, ತಟ್ಟೆಗೆ ಒಂದು ಲೋಟ ಬ್ರಾತ್ (ತಿಳಿ ಸಾರು), ಬಿಗಿಯಾಗಿ ಫಾಯಿಲ್, ಪೌಂಡಿಗೆ 10 ನಿಮಿಷದ ಲೆಕ್ಕ. ಲೆಕ್ಕ ನಮ್ಮ ಹಕ್ಕಿಗೆ ಗೊತ್ತಿರಲಿಲ್ಲ. ಒಳಗೆ ಬೇಕಾದ 165 ಬರೋ ಹೊತ್ತಿಗೆ ಎದೆ 180 ದಾಟಿತ್ತು. ಗ್ರೇವಿ ಸುರಿದುಕೊಂಡು ನುಂಗಿದೆವು. ಇನ್ನೊಂದು ಫಜೀತಿ ಏನಂದ್ರೆ, ಎರಡು ಗಂಟೆ ಓವನ್ ಟರ್ಕಿಯದ್ದೇ ಆಯ್ತು. ಸಸ್ಯಾಹಾರಿಗಳು ತಂದ ತರಕಾರಿ ಕ್ಯಾಸೆರೋಲ್ ಅದರ ಪಕ್ಕ ಇಡೋ ಹಾಗಿಲ್ಲ. ಅದು ತಣ್ಣಗೇ ಟೇಬಲ್ ಮೇಲೆ ಕೂತಿತ್ತು. ಆ ಮನೆಯಾಕೆ ಏನೂ ಅನ್ನಲಿಲ್ಲ. ಅದೇ ನನ್ನ ಹೆಂಡತಿಗೆ ಜಾಸ್ತಿ ನೋವಾಗಿದ್ದು.

2022ರಲ್ಲಿ ಹಕ್ಕಿ ಜ್ವರ ಬಂದು ಟರ್ಕಿ ಬೆಲೆ ಏರಿತ್ತು. 160 ಡಾಲರ್ ಹತ್ತಿರ ಕೊಟ್ಟ ನೆನಪು. ಆ ವರ್ಷ ಕೊಯ್ದು ಸ್ಲೋ ಕುಕ್ಕರ್‌ಗೆ ಹಾಕಿದೆ. ತಪ್ಪು ಮಾಡಿದೆ. ಅದು ಮಾಂಸವನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಇಟ್ಟುಕೊಂಡು ಕೂರುತ್ತೆ, ರೋಗಕ್ಕೆ ಬೇಕಾದ್ದೂ ಅದೇ ಶಾಖ. ಮಕ್ಕಳಿರೋ ಮನೆ ಅಂತ ಎಲ್ಲಾ ಕಸಕ್ಕೆ ಸುರಿದೆ. ಮೈಕ್ರೋವೇವ್ ಕಥೆ ಹೇಳೋದೇ ಬೇಡ, ರಬ್ಬರು ಮತ್ತು ತಂಗಳು ವಾಸನೆ.

ದಾರಿ ತೋರಿಸಿದ್ದು ಅಮ್ಮ, ಮದ್ದೂರಿನಿಂದ, ಫೋನಿನಲ್ಲಿ. ನನ್ನ ಗೋಳು ಕೇಳಿ, "ಬೆಂದಿರೋದನ್ನ ಮತ್ಯಾಕೆ ಬೇಯಿಸ್ತೀಯಪ್ಪ? ತಂಗಳು ಇಡ್ಲಿನ ಏನ್ ಮಾಡ್ತೀಯ, ಹಬೆಗೆ ಇಡಲ್ವಾ?" ಅಂದರು. ಅಮ್ಮ ಜನ್ಮದಲ್ಲಿ ಟರ್ಕಿ ನೋಡಿಲ್ಲ.

2023ರಲ್ಲಿ ಮಾಮೂಲಿ ಇಡ್ಲಿ ಪಾತ್ರೆಯಲ್ಲೇ ಶುರು ಮಾಡಿದೆ. ಮಾಂಸ ಮೆತ್ತಗಾಗಿದ್ದು ನಿಜ. ಆದರೆ ಗುಳಿಯಲ್ಲಿ ಮುದುರಿಕೊಂಡು ಇಡ್ಲಿ ಆಕಾರಕ್ಕೇ ಬಂತು. ಮಕ್ಕಳು "ಟರ್ಕಿ ಇಡ್ಲಿ" ಅಂತ ಬಿದ್ದು ಬಿದ್ದು ನಕ್ಕರು. ಮುಚ್ಚಳದಿಂದ ನೀರು ತೊಟ್ಟಿಕ್ಕಿ ಮೇಲಿನ ತಟ್ಟೆಯದೆಲ್ಲಾ ಸಪ್ಪೆ. ಭಾವ, "ನೂರೈವತ್ತು ಡಾಲರ್ ಕೊಟ್ಟು ತಂದು ಇಡ್ಲಿ ಪಾತ್ರೆಗೆ ಹಾಕ್ತೀಯಲ್ಲೋ, ನಿನ್ನ ತಲೆಗೆ ಏನಾಗಿದೆ?" ಅಂದರು. ಹೆಂಡತಿಯ ತಕರಾರು ಬೇರೆ. ಇಡ್ಲಿ ಪಾತ್ರೆಗೆ ಮಾಂಸ ತಾಗಿತು ಅಂತ ಗೊತ್ತಾದರೆ ಆ ಸಸ್ಯಾಹಾರಿ ಮನೆಯವರು ಇನ್ನು ನಮ್ಮಲ್ಲಿ ಇಡ್ಲಿ ತಿಂತಾರಾ? ನ್ಯಾಯವೇ. ಟರ್ಕಿಗೆ ಅಂತಲೇ 6 ತಟ್ಟೆಯ ತಟ್ಟೆ ಇಡ್ಲಿ ಸ್ಟ್ಯಾಂಡೂ ಅದಕ್ಕೊಂದು ಪಾತ್ರೆಯೂ ಬೇರೆ ತಂದೆ. 40 ಡಾಲರ್ ಚಿಲ್ಲರೆ. ಯಾವುದು ಯಾವುದು ಅಂತ ಕಲಸಿಹೋಗದಿರಲಿ ಅಂತ ಅವಳು ಅದರ ಹಿಡಿ ಮೇಲೆ ಕೆಂಪು ನೇಲ್ ಪಾಲಿಶ್‌ನಲ್ಲಿ ದೊಡ್ಡದೊಂದು ಚುಕ್ಕೆ ಇಟ್ಟಿದ್ದಾಳೆ.

ಈಗ 2024ಕ್ಕೆ ಬರ್ತೀನಿ. ಆ ವರ್ಷ ಬರೀ ಹಕ್ಕಿ ತಂದೆ, ಜೊತೆಯ ಸಾಮಾನು ಬೇಡ ಅಂದೆ. 75 ಡಾಲರ್ ಆಸುಪಾಸು.

ಕೊಯ್ಯೋದು ತಣ್ಣಗಿರುವಾಗಲೇ, ಫ್ರಿಜ್‌ನಿಂದ ತೆಗೆದ ಕೂಡಲೇ. ಬಿಸಿ ಹಕ್ಕಿ ಕೊಯ್ದರೆ ಚೂರುಚೂರಾಗುತ್ತೆ, ತಣ್ಣಗಿದ್ದರೆ ಬ್ರೆಡ್ಡು ಕೊಯ್ದ ಹಾಗೆ ಬರುತ್ತೆ. ಮೊದಲು ಚರ್ಮ ಆದಷ್ಟೂ ಇಡಿಯಾಗಿ ಸುಲಿದಿಟ್ಟುಕೊಳ್ಳಿ. ಆಮೇಲೆ ಎದೆಮೂಳೆಯ ಪಕ್ಕದಲ್ಲೇ ಚಾಕು ಇಳಿಸಿ, ಆ ಕಡೆಯದೊಂದು ಈ ಕಡೆಯದೊಂದು, ಎದೆ ಮಾಂಸದ ಎರಡೂ ಗಡ್ಡೆ ಬಿಡಿಸಿ. ಎಳೆಗೆ ಅಡ್ಡವಾಗಿ ಅರ್ಧ ಇಂಚಿನ ಹೋಳು ಮಾಡಿ. ಕಾಲು ಇಂಚಿಗೆ ಇಳಿದರೆ ಮತ್ತೆ ಹತ್ತಿನೇ. ತೊಡೆ ಮೂಳೆ ತೆಗೆದು ದೊಡ್ಡ ತುಂಡು ಮಾಡಿದೆ. ಕಾಲೆರಡನ್ನ ಹಾಗೇ ಬಿಟ್ಟೆ, ಟೇಬಲ್ ಮೇಲೆ ಟರ್ಕಿ ಅಂತ ಗೊತ್ತಾಗಬೇಕಲ್ಲ.

ತಟ್ಟೆಗೆ ಬಾಳೆಲೆ, ಅದರ ಮೇಲೆ ಒಂದರ ಮೇಲೊಂದು ಅರ್ಧರ್ಧ ಹತ್ತಿಸಿ ಏಳೆಂಟು ಹೋಳು. ತಟ್ಟೆಗೆ ಎರಡು ಚಮಚ ಬ್ರಾತ್, ಉಗುರಿನಷ್ಟು ಬೆಣ್ಣೆ. ಉಪ್ಪು ಕಡಿಮೆ ಇರೋ ಬ್ರಾತೇ ತನ್ನಿ, ಬೇಯಿಸಿದ ಹಕ್ಕಿಯಲ್ಲಿ ಉಪ್ಪು ಮೊದಲೇ ಬೇಕಾದಷ್ಟು ಇರುತ್ತೆ. ಪ್ರತಿ ತಟ್ಟೆಗೂ ಬೇರೆ ಬೇರೆ ಫಾಯಿಲ್ ಮುಚ್ಚಬೇಕು, ತೊಟ್ಟಿಕ್ಕೋ ನೀರಿಗೆ ಅದೇ ಮದ್ದು. ಕೆಳಗಿನ ನೀರಿಗೆ ಶುಂಠಿ, ಕಾಳುಮೆಣಸು, ಈರುಳ್ಳಿ ಸಿಪ್ಪೆ, ಮತ್ತೆ ಇನ್ನೆರಡು ವಸ್ತು. ಅವೆರಡು ಏನು ಅಂತ ಭಾವನಿಗೇ ಹೇಳಿಲ್ಲ. ಫಾಯಿಲ್ ಮುಚ್ಚಿದ ಮೇಲೆ ಆ ಪರಿಮಳ ಒಳಗೆ ಹೇಗೆ ಹೋಗುತ್ತೆ ಅಂತ ಕೇಳೋರು ಫಾಯಿಲ್‌ನ ಎಲ್ಲಿ ಸ್ವಲ್ಪ ಬಿಟ್ಟಿರಬೇಕು ಅಂತ ತಾವೇ ಹುಡುಕಿಕೊಳ್ಳಲಿ.

ನೀರು ಕುದಿದ ಮೇಲೆ ಸ್ಟ್ಯಾಂಡ್ ಇಳಿಸಿ, ಉರಿ ಮಧ್ಯಮಕ್ಕಿಂತ ಒಂದು ಗೆರೆ ಕಡಿಮೆ. 15 ನಿಮಿಷಕ್ಕೆ ನಡುತಟ್ಟೆಯ ದಪ್ಪ ಹೋಳಿಗೆ ಥರ್ಮಾಮೀಟರ್ ಚುಚ್ಚಿದೆ, 158. ಇನ್ನು ಮೂರು ನಿಮಿಷ, 166. ಇಳಿಸಿಬಿಟ್ಟೆ. ತೊಡೆ ತುಂಡಿನ ಒಬ್ಬೆಗೆ 20 ನಿಮಿಷ ಹಿಡಿಯಿತು. ತೊಡೆ ಹೇಗೂ ಜಾಣ, ಸ್ವಲ್ಪ ಜಾಸ್ತಿಯಾದರೂ ಒಣಗಲ್ಲ. ಫಾಯಿಲ್ ಬಿಚ್ಚಿದಾಗ ಬಾಳೆಲೆ ಮೇಲೆ ತಿಳಿ ರಸ ನಿಂತಿತ್ತು. ಅದನ್ನ ಚೆಲ್ಲಬೇಡಿ, ಗ್ರೇವಿಗೆ ಸುರಿಯಿರಿ. ಅಂಗಡಿಯ ಗ್ರೇವಿಗೆ ಜೀವ ಬರೋದೇ ಆವಾಗ.

ಸಸ್ಯಾಹಾರದ ಕ್ಯಾಸೆರೋಲಿಗೆ ಓವನ್ ಮೊದಲು ಬಿಟ್ಟುಕೊಟ್ಟೆ. ಅದು ಹೊರಗೆ ಬಂದಮೇಲೆ ಕಾಲೆರಡನ್ನ ಫಾಯಿಲ್ ಮುಚ್ಚಿ 325ರಲ್ಲಿ 40 ನಿಮಿಷ. ಕೊನೆಗೆ ಚರ್ಮ. ಎರಡು ಟ್ರೇ ನಡುವೆ ಒತ್ತಿ 400 ಡಿಗ್ರಿಯಲ್ಲಿ 15 ನಿಮಿಷ ಇಟ್ಟರೆ ಹಪ್ಪಳ ಆಗುತ್ತೆ, ನಿಜವಾಗಲೂ ಹಪ್ಪಳ. ಮುರಿದು ಹೋಳುಗಳ ಮೇಲೆ ಉದುರಿಸಿದೆ. ಪಕ್ಕದ ಮನೆಯಾಕೆ, ಎಪ್ಪತ್ತರ ಹತ್ತಿರ ವಯಸ್ಸು, ಚರ್ಮ ಇಷ್ಟು ಗರಿಗರಿ ಆಗಿದ್ದು ತಮ್ಮ ಮನೆಯಲ್ಲಿ ಒಂದು ವರ್ಷವೂ ಇಲ್ಲ ಅಂದರು. ಸುಮ್ನೆ ಮರ್ಯಾದೆಗೆ ಅಂದಿದ್ದರೂ ಇರಬಹುದು, ನನಗೆ ಅದು ಬೇಕಿಲ್ಲ.

ಕೈ ಸುಮ್ಮನಿರಲ್ಲ ಅಲ್ವಾ, ಒಂದು ತಟ್ಟೆ ಮೇಲೆ ಪ್ರಯೋಗ ಮಾಡಿದೆ. ತುಪ್ಪಕ್ಕೆ ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಕುಟ್ಟಿದ ಮೆಣಸು ಹಾಕಿ ಬಿಸಿ ಒಗ್ಗರಣೆ ಸುರಿದೆ. ಮೊದಲು ಖಾಲಿಯಾಗಿದ್ದು ಅದೇ ತಟ್ಟೆ. ಹಿಂದೊಂದು ವರ್ಷ ಹಕ್ಕಿಯ ಚರ್ಮದ ಮೇಲೆ ಮಸಾಲೆ ಹಚ್ಚಿ ನೋಡಿದ್ದೆ, ಬೆಂದ ಚರ್ಮ ಮಸಾಲೆ ಎಳೆದುಕೊಳ್ಳಲ್ಲ, ಮೇಲೇ ಸೀದುಹೋಯ್ತು. ಕ್ರ್ಯಾನ್‌ಬೆರಿಗೆ ಬೆಲ್ಲ, ಸಾಸಿವೆ, ಬ್ಯಾಡಗಿ ಹಾಕಿ ಹೆಂಡತಿ ಮಾಡಿದ ಗೊಜ್ಜು ಇತ್ತು, ಅದರ ಮುಂದೆ ಡಬ್ಬಿ ಸಾಸ್‌ನ ಯಾರೂ ತಿರುಗಿ ನೋಡಲಿಲ್ಲ. ಹೊಗೆಯಲ್ಲಿ ಬೇಯಿಸಿದ ಟರ್ಕಿಯನ್ನೂ ಒಂದು ಸಲ ತಂದಿದ್ದೆ. ಅದರ ಮಾಂಸ ಗುಲಾಬಿ ಬಣ್ಣಕ್ಕೇ ಇರುತ್ತೆ. ಹಸಿಯಲ್ಲ, ಹೊಗೆಯ ಗುಣ ಅದು ಅಂತ ಎಷ್ಟು ಹೇಳಿದರೂ ಅಕ್ಕ ಬಾಯಿಗೆ ಇಡಲಿಲ್ಲ.

ಮೂಳೆ ಎಸೆಯೋ ಮಾತೇ ಇಲ್ಲ. ಮಾರನೇ ದಿನ ಶುಕ್ರವಾರ, ರಿಯಾಯಿತಿಗೆ ಅಂತ ಇಡೀ ಅಮೆರಿಕ ಅಂಗಡಿಗಳಲ್ಲಿ ನುಗ್ಗಾಡುತ್ತಿದ್ದರೆ ನಮ್ಮ ಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಎದೆಗೂಡು ಮುರಿದು ಹಾಕಿ, ಆರು ವಿಷಲ್, ಸೋಸಿ, ಹುರಿದ ಕೊತ್ತಂಬರಿ ಬೀಜ, ಕೊಬ್ಬರಿ, ಗಸಗಸೆ ಅರೆದು ಹಾಕಿದ ಸಾರು. ಜೊತೆಗೆ ಮುದ್ದೆ. ಭಾವ ಆವತ್ತು ಟರ್ಕಿ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುದ್ದೆ ಮುರಿಯೋದರಲ್ಲೇ ಇದ್ದರು.

ಹೊರಡುವಾಗ ಮಾತ್ರ ಶೂ ಹಾಕಿಕೊಳ್ಳುತ್ತಾ, "ಆ ಸ್ಟ್ಯಾಂಡು ಎಲ್ಲಿ ತಗೊಂಡೆ?" ಅಂತ ಕೇಳಿದರು. ಕೆಂಪು ಚುಕ್ಕೆಯದಾ ಅಂದೆ. "ಹೂಂ ಕಣೋ, ಅದೇ."