ಬೀಚ್ ಬದಿ ಮನೆ ಕೊಂಡು ದಿನಬಾಡಿಗೆಗೆ ಬಿಡುವ ಮುನ್ನ

ಉಡುಪಿಯ ಮಲ್ಪೆಯಿಂದ ಪಡುಕೆರೆ ರಸ್ತೆಗೆ ಒಮ್ಮೆ ಹೋದರೆ ಸಾಕು, ಆಸೆ ಹುಟ್ಟುತ್ತದೆ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ತೆಂಗಿನ ತೋಟದಲ್ಲಿ ಹಂಚಿನ ಮನೆ. ಕೊಂಡು ಹೋಂಸ್ಟೇ ಮಾಡಿದರೆ ಹೇಗೆ? ಮಾಡಬಹುದು. ಆದರೆ ಅಡ್ವಾನ್ಸ್ ಕೊಡುವ ಮೊದಲು ನಿಯಮಗಳನ್ನು ನೋಡಿ. ಅವು ಆಗಾಗ ಬದಲಾಗುತ್ತಿರುತ್ತವೆ.

ಹೆಜ್ಜೆ 1: ನೀರಿನಿಂದ ಎಷ್ಟು ದೂರ?

ಭರತ ರೇಖೆಯಿಂದ (ಉಬ್ಬರದ ನೀರು ತಲುಪುವ ಗಡಿ) 500 ಮೀಟರ್‌ವರೆಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ವ್ಯಾಪ್ತಿ. 2011ರ ಅಧಿಸೂಚನೆಯಲ್ಲಿ ಹಳ್ಳಿ ಕಡೆ ಮೊದಲ 200 ಮೀಟರ್‌ನಲ್ಲಿ ಹೊಸ ಕಟ್ಟಡಕ್ಕೆ ಅವಕಾಶ ಇರಲಿಲ್ಲ. 2019ರಲ್ಲಿ ಇದನ್ನು ಬದಲಿಸಿದರು. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಜನ ಇರುವ ಊರಿಗೆ 50 ಮೀಟರ್, ಉಳಿದ ಕಡೆ ಹಳೇ 200 ಮೀಟರೇ. ನದಿ ದಂಡೆಯ ಮಿತಿಯೂ 100ರಿಂದ 50 ಮೀಟರಿಗೆ ಇಳಿಯಿತು. ಅಂದರೆ ಅಕ್ಕಪಕ್ಕದ ಎರಡು ಗ್ರಾಮಗಳಿಗೆ ಬೇರೆ ಬೇರೆ ಅಳತೆ ಇರಬಹುದು. ಬ್ರೋಕರ್ ಬಾಯಿಮಾತು ನಂಬಬೇಡಿ. ಸರ್ವೆ ನಂಬರ್ ಹಿಡಿದುಕೊಂಡು ಜಿಲ್ಲೆಯ ಸಿಆರ್‌ಝಡ್ ಕಚೇರಿಗೆ ಹೋಗಿ, ನಕ್ಷೆಯಲ್ಲಿ ನಿಮ್ಮ ಜಾಗ ಎಲ್ಲಿ ಬರುತ್ತದೆ ಎಂದು ತೋರಿಸಿ ಎನ್ನಿ. ಹಳೇ ಮನೆಗೆ ಮೇಲೊಂದು ಮಾಳಿಗೆ ಏರಿಸುವ ಯೋಚನೆ ಇದ್ದರೆ ಅದನ್ನೂ ಅಲ್ಲೇ ಕೇಳಿ.

ಹೆಜ್ಜೆ 2: ಕಾಗದಪತ್ರ

ಪಂಚಾಯತ್ ವ್ಯಾಪ್ತಿಯಾದರೆ ಕನ್ವರ್ಷನ್ (ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಬದಲಿಸಿದ ಆದೇಶ), 9/11 (ಪಂಚಾಯತ್ ಕೊಡುವ ಆಸ್ತಿ ನಮೂನೆಗಳು), ಡೋರ್ ನಂಬರ್. ನಗರದಲ್ಲಾದರೆ ಇ-ಖಾತಾ. ಮಂಗಳೂರಿನ ಕದ್ರಿ, ಬೆಜೈ ಕಡೆ ಫ್ಲ್ಯಾಟ್ ಕೊಳ್ಳುವವರು ಅಸೋಸಿಯೇಷನ್ ಬೈಲಾ ಓದಲೇಬೇಕು. ದಿನಕ್ಕೊಬ್ಬ ಹೊಸಬ ಲಿಫ್ಟ್‌ನಲ್ಲಿ ಕಂಡರೆ ಅಕ್ಕಪಕ್ಕದವರು ಸುಮ್ನೆ ಇರುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಹೆಜ್ಜೆ 3: ಮನೆಯಲ್ಲಿ ಯಾರಿರುತ್ತಾರೆ?

ಇಲ್ಲೇ ಹೆಚ್ಚಿನವರು ಎಡವುವುದು. ಕೇಂದ್ರದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲಿ ಹೆಚ್ಚೆಂದರೆ 6 ಕೋಣೆ, 12 ಹಾಸಿಗೆ. ಮಾಲೀಕರ ಕುಟುಂಬ ಅಲ್ಲೇ ವಾಸವಿರಬೇಕು. ದುಬೈಯಲ್ಲೋ ಮುಂಬಯಿಯಲ್ಲೋ ಕೂತು, ಬೀಗದಕೈ ಪಕ್ಕದ ಮನೆ ಅಕ್ಕನ ಕೈಗೆ ಕೊಟ್ಟರೆ ಅದು ಹೋಂಸ್ಟೇ ಆಗುವುದಿಲ್ಲ. ಪ್ರವಾಸೋದ್ಯಮ ಇಲಾಖೆಯಲ್ಲಿ ಯಾವ ಹೆಸರಿನಡಿ ನೋಂದಣಿ ಸಿಗುತ್ತದೆ, ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್ ಬೇಕಾ ಎಂದು ಮೊದಲೇ ಕೇಳಿಕೊಳ್ಳಿ. ಕರೆಂಟ್ ಬಿಲ್ ಮನೆ ದರದಲ್ಲೋ ವಾಣಿಜ್ಯ ದರದಲ್ಲೋ ಎಂದು ಮೆಸ್ಕಾಂನಿಂದ ಬರಹದಲ್ಲೇ ಪಡೆಯಿರಿ.

ಹೆಜ್ಜೆ 4: ಸುರಕ್ಷತೆ

2024ರ ನವೆಂಬರ್‌ನಲ್ಲಿ ಮಂಗಳೂರು ಬಳಿಯ ಸೋಮೇಶ್ವರ ಉಚ್ಚಿಲದ ಖಾಸಗಿ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತರು. ಅಲ್ಲಿ ಜೀವರಕ್ಷಕ ಇರಲಿಲ್ಲ. ರೆಸಾರ್ಟಿನ ಟ್ರೇಡ್ ಲೈಸೆನ್ಸ್ ಅಮಾನತಾಯಿತು, ಬೀಗ ಬಿತ್ತು. ಫೋಟೊದಲ್ಲಿ ಚಂದ ಕಾಣುತ್ತದೆ ಎಂದು ಸಣ್ಣ ಪೂಲ್ ತೋಡಿಸುವವರು ಈ ಮೂರು ಮನೆಗಳನ್ನು ನೆನೆಯಬೇಕು. ಆಳ ಬರೆದ ಫಲಕ, ಟ್ಯೂಬ್, ನೋಡಿಕೊಳ್ಳಲು ಒಬ್ಬರು, ಇಷ್ಟು ಆಗದಿದ್ದರೆ ಪೂಲ್ ಬೇಡವೇ ಬೇಡ.

ಹೆಜ್ಜೆ 5: ಅತಿಥಿ ಪುಸ್ತಕ, ತೆರಿಗೆ

ಪ್ರತಿ ಅತಿಥಿಯ ಗುರುತಿನ ಚೀಟಿ ನೋಡಿ ಬರೆದಿಡಿ. ಮಣಿಪಾಲದಲ್ಲಿ ಓದುವ ಮಕ್ಕಳನ್ನು ನೋಡಲು ವಿದೇಶಿ ಪಾಲಕರು ಬಂದರೆ, ನೀವು ಅವರ ವಿವರವನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಕೊಡಬೇಕು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ನಿಮ್ಮ ವಹಿವಾಟು 20 ಲಕ್ಷ ದಾಟದಿದ್ದರೂ ಆ್ಯಪ್ ಮೂಲಕ ಬಂದ ಬುಕಿಂಗ್‌ಗೆ ತೆರಿಗೆ ಇದೆ, ಅದನ್ನು ಆ್ಯಪ್‌ನವರೇ ಕಟ್ಟುತ್ತಾರೆ.

ಹೆಜ್ಜೆ 6: ಎರಡು ಲೆಕ್ಕ

ಮಳೆಗಾಲದ ನಾಲ್ಕು ತಿಂಗಳು ಬಿಡಿ. ಉಳಿದ ಎಂಟು ತಿಂಗಳಲ್ಲಿ ತಿಂಗಳಿಗೆ 10 ರಾತ್ರಿ, ರಾತ್ರಿಗೆ 3,000 ಎಂದುಕೊಳ್ಳಿ. ಒಟ್ಟು 2.4 ಲಕ್ಷ. ಕಮಿಷನ್, ಕ್ಲೀನಿಂಗ್, ಬಟ್ಟೆ ಒಗೆತ, ಕರೆಂಟ್, ಉಪ್ಪುಗಾಳಿಗೆ ತುಕ್ಕು ಹಿಡಿದ ಎಸಿ ರಿಪೇರಿಗೆ ಒಂದು ಲಕ್ಷ ಹೋದರೆ ಉಳಿಯುವುದು 1.4 ಲಕ್ಷ. ಅದೇ ಮನೆಗೆ ತಿಂಗಳಿಗೆ 15,000 ಬಾಡಿಗೆ ಬಂದರೆ ವರ್ಷಕ್ಕೆ 1.8 ಲಕ್ಷ! ನಿಮ್ಮ ಅಂಕಿ ಹಾಕಿ ಲೆಕ್ಕ ಮಾಡಿ. ನಾಳೆ ಲೈಸೆನ್ಸ್ ನವೀಕರಣ ಆಗದಿದ್ದರೂ ಬರೀ ಮಾಮೂಲಿ ಬಾಡಿಗೆಯಲ್ಲಿ ಬ್ಯಾಂಕಿನ ಕಂತು ಕಟ್ಟಲು ಆಗುತ್ತದಾ? ಆಗುತ್ತದೆ ಅಂತಾದರೆ ಮಾತ್ರ ಅಡ್ವಾನ್ಸ್ ಕೊಡಿ.