ಅಮ್ಮನ ಎತ್ತರ ಅಳೆದು ನೋಡಿ

50 ದಾಟಿದ ಮೂವರು ಹೆಂಗಸರಲ್ಲಿ ಒಬ್ಬರಿಗೆ ಮುಂದೆ ಎಂದಾದರೊಮ್ಮೆ ಮೂಳೆ ಟೊಳ್ಳಾಗಿಯೇ (ಆಸ್ಟಿಯೊಪೊರೋಸಿಸ್) ಮುರಿಯುತ್ತದೆ. ಗಂಡಸರಲ್ಲಿ ಈ ಲೆಕ್ಕ ಐವರಿಗೆ ಒಬ್ಬರು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದು ಮೂಳೆ ಬೇಗಬೇಗ ತೆಳುವಾಗುವುದೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ. (ಮಂಡಿನೋವಿಗೆ ನಾವು ಹೇಳುವ ‘ಮೂಳೆ ಸವೆತ’ ಬೇರೆ, ಇದು ಬೇರೆ. ಇದಕ್ಕೆ ನೋವೇ ಇರುವುದಿಲ್ಲ, ಮುರಿಯುವವರೆಗೆ.)

ಹೆಚ್ಚಾಗಿ ಮುರಿಯುವುದು ಮಣಿಕಟ್ಟು, ಸೊಂಟದ ಕೀಲು, ಬೆನ್ನುಮೂಳೆ. ಮೊದಲಿನೆರಡು ಮನೆಮಂದಿಗೆಲ್ಲ ಗೊತ್ತಾಗುತ್ತವೆ. ಬೆನ್ನಿನದು ಹಾಗಲ್ಲ. ಬಗ್ಗಿ ಬಕೆಟ್ ಎತ್ತಿದಾಗ ಬೆನ್ನುಮೂಳೆಯ ಕಂಬದ ಒಂದು ಮೂಳೆಬಿಲ್ಲೆ ಕುಸಿದಿರುತ್ತದೆ. ‘ಬೆನ್ನು ಹಿಡಿದುಕೊಂಡಿದೆ’ ಎಂದು ಮುಲಾಮು ಹಚ್ಚಿ ಮಲಗಿಬಿಡುತ್ತಾರೆ. ಬೆನ್ನಿನ ಇಂಥ ಮುರಿತಗಳಲ್ಲಿ ಸುಮಾರು ಮೂರರಲ್ಲಿ ಎರಡು ವೈದ್ಯರ ಗಮನಕ್ಕೇ ಬರುವುದಿಲ್ಲ. ಅದರ ಸುಳಿವು ಹಿಡಿಯಲು ಒಂದು ಟೇಪು, ಒಂದು ಪೆನ್ಸಿಲ್ಲು ಸಾಕು.

ಮೊದಲು ಅಳತೆ. ಬೆಳಿಗ್ಗೆಯೇ ಮಾಡಿ, ಸಂಜೆಯ ಹೊತ್ತಿಗೆ ಎಲ್ಲರೂ ಸ್ವಲ್ಪ ಕುಗ್ಗಿರುತ್ತಾರೆ. ಚಪ್ಪಲಿ ಬಿಡಿಸಿ, ತುರುಬು ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ. ನೋಟ ನೇರ ಎದುರಿಗೆ. ದಪ್ಪ ರಟ್ಟಿನ ಪುಸ್ತಕದ ಬೆನ್ನನ್ನು ಗೋಡೆಗೆ ಒತ್ತಿ ನೆತ್ತಿಯ ಮೇಲೆ ಇಳಿಸಿ, ಅದರ ಅಡಿಗೆ ಗೆರೆ ಎಳೆಯಿರಿ. ಪುಸ್ತಕ ಓರೆಯಾದರೆ ಒಂದು ಸೆಂಟಿಮೀಟರ್ ಸುಮ್ಮನೆ ತಪ್ಪುತ್ತದೆ, ಹಾಗಾಗಿ ಮೂರು ಸಲ ಅಳೆಯಿರಿ. ಗೆರೆಯ ಪಕ್ಕ ತಾರೀಖು ಇರಲಿ. ಹರೆಯದ ಎತ್ತರಕ್ಕಿಂತ 4 ಸೆಂ.ಮೀ. ಕಡಿಮೆಯಾಗಿದ್ದರೆ, ಅಥವಾ ಎರಡು ಅಳತೆಗಳ ನಡುವೆ 2 ಸೆಂ.ಮೀ. ಇಳಿದಿದ್ದರೆ, ಬೆನ್ನಿನ ಎಕ್ಸ್‌ರೇ ಬೇಕೇ ಎಂದು ವೈದ್ಯರನ್ನು ಕೇಳಿ. ತಲೆಯ ಹಿಂಭಾಗ ಗೋಡೆಗೆ ತಾಗದಿದ್ದರೂ ಕೇಳಿ.

ಆಮೇಲೆ ನಾಲ್ಕು ಪ್ರಶ್ನೆ. 50ರ ನಂತರ ನಿಂತಲ್ಲೇ ಬಿದ್ದು ಮೂಳೆ ಮುರಿದಿತ್ತೇ? ತಂದೆಗೋ ತಾಯಿಗೋ ಸೊಂಟ ಮುರಿದಿತ್ತೇ? ಸ್ಟೀರಾಯ್ಡ್ ಮಾತ್ರೆ ಮೂರು ತಿಂಗಳಿಗಿಂತ ಹೆಚ್ಚು ನುಂಗಿದ್ದಾರೆಯೇ? 45ಕ್ಕೆ ಮೊದಲೇ ಮುಟ್ಟು ನಿಂತಿತ್ತೇ? ಒಂದಕ್ಕೆ ‘ಹೌದು’ ಎಂದರೂ ವೈದ್ಯರಿಗೆ ತಿಳಿಸಿ.

ಮೂಳೆಸಾಂದ್ರತೆ ನೋಡುವ ಸ್ಕ್ಯಾನಿನ ಹೆಸರು ಡೆಕ್ಸಾ. ಸುಮ್ಮನೆ ಮಲಗಿದ್ದರಾಯಿತು, ವಿಕಿರಣ ತೀರ ಕಡಿಮೆ. ವರದಿಯಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವತಿಯರ ಮೂಳೆಗೆ ಹೋಲಿಸಿ ಕೊಡುವ ಅಂಕಿ) ಹುಡುಕಿ: ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಮೈನಸ್ 2 ಬಂತೆಂದು ನಿರಾಳವಾಗಬೇಡಿ. ಮುರಿತಗಳಲ್ಲಿ ದೊಡ್ಡ ಪಾಲು ಆಗುವುದು ಮೈನಸ್ 1 ಮತ್ತು ಮೈನಸ್ 2.5ರ ನಡುವಿನ ಗುಂಪಿನಲ್ಲೇ, ಏಕೆಂದರೆ ಹೆಚ್ಚು ಹೆಂಗಸರಿರುವುದು ಅಲ್ಲಿ. ಹಿಮ್ಮಡಿಗೆ ಯಂತ್ರ ಹಿಡಿದು ಕೊಡುವ ಅಂಕಿಯನ್ನೇ ನಂಬಿ ಕೂರಬೇಡಿ; ಅದರಿಂದ ರೋಗನಿರ್ಣಯ ಆಗದು.

ಈಗಾಗಲೇ ಒಂದು ಮೂಳೆ ಮುರಿದಿದ್ದರೆ ತಡಮಾಡುವ ಮಾತೇ ಇಲ್ಲ. ಬೆನ್ನು ಮುರಿದ ಐವರಲ್ಲಿ ಒಬ್ಬರಿಗೆ ವರ್ಷದೊಳಗೇ ಮತ್ತೊಂದು ಬಿಲ್ಲೆ ಕುಸಿಯುತ್ತದೆ. ಪ್ಲಾಸ್ಟರ್ ಹಾಕಿಸಿಕೊಂಡು ಬರುವಾಗ ‘ಇಷ್ಟಕ್ಕೇ ಯಾಕೆ ಮುರಿಯಿತು?’ ಎಂದು ಕೇಳುವವರೇ ಕಡಿಮೆ. ನೀವು ಕೇಳಿ.

ಮೂಳೆ ಉಳಿಸಲು ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಮಾತ್ರೆ ಬರೆದುಕೊಟ್ಟರೆ ಬೆಳಗಿನ ಬರಿಹೊಟ್ಟೆಯಲ್ಲಿ, ಲೋಟದ ತುಂಬ ಬರೀ ನೀರಿನ ಜೊತೆ ನುಂಗಿಸಿ. ಅರ್ಧ ಗಂಟೆ ಮಲಗುವಂತಿಲ್ಲ, ಏನೂ ತಿನ್ನುವಂತಿಲ್ಲ. ಮಲಗಿದರೆ ಅನ್ನನಾಳ ಸುಟ್ಟಂತೆ ಹುಣ್ಣಾಗಬಹುದು. ಆರು ತಿಂಗಳಿಗೊಮ್ಮೆಯ ಡೆನೊಸುಮಾಬ್ ಚುಚ್ಚುಮದ್ದಾದರೆ ಮುಂದಿನ ತಾರೀಖನ್ನು ಅದೇ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದನ್ನು ನಡುವೆ ಕೈಬಿಟ್ಟರೆ ಉಳಿಸಿಕೊಂಡ ಮೂಳೆ ಬೇಗನೆ ಕರಗಿ, ಒಟ್ಟಿಗೇ ಹಲವು ಬಿಲ್ಲೆಗಳು ಕುಸಿದದ್ದೂ ಇದೆ.