ಒಳಗೆ ಯಾರೂ ಗೊತ್ತಿಲ್ಲ, ಅರ್ಜಿ ಹಾಕೋದಾ ಬೇಡ್ವಾ? ಕಪ್ಪೆ ಪ್ರಾಜೆಕ್ಟ್ ಕೆಲಸದ ನನ್ನ ಅನುಭವ

"ರಿಸರ್ಚ್ ಪ್ರಾಜೆಕ್ಟ್ ಪೋಸ್ಟ್‌ಗಳೆಲ್ಲ ಮೊದಲೇ ಫಿಕ್ಸ್ ಆಗಿರುತ್ತವೆ, ಜಾಹೀರಾತು ಬರೀ ಶಾಸ್ತ್ರಕ್ಕೆ." ಕಾಡು, ಪ್ರಾಣಿ ಅಂತ ಎಂಎಸ್ಸಿ ಮಾಡಿದವರು ಈ ಮಾತು ಕೇಳದೇ ಇರಲ್ಲ. ನಾನೂ ಕೇಳಿದ್ದೆ, ನಂಬಿಯೂ ಇದ್ದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ ಓದಿ, ಉಪನ್ಯಾಸಕ, ಸಂಶೋಧನಾ ಕೆಲಸಗಳಿಗೆ ಕೇಳುವ ನೆಟ್ ಪರೀಕ್ಷೆ ಪಾಸ್ ಮಾಡಿಕೊಂಡು, ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಆದರೆ ಮನಸ್ಸೆಲ್ಲ ಕಪ್ಪೆ ಮೇಲೆ.

ಅದಕ್ಕೆ ಕಾರಣ ಕುಂಬಾರ ಕಪ್ಪೆ. 2014ರಲ್ಲಿ ವಿಜ್ಞಾನಿಗಳು ಉತ್ತರ ಕನ್ನಡದ ಕಾಡಿನಿಂದ ಇದನ್ನು ಹೊಸ ಪ್ರಭೇದ ಅಂತ ಗುರುತಿಸಿ, ಹೆಸರಿನಲ್ಲೇ 'ಕುಂಬಾರ' ಅಂತ ಸೇರಿಸಿದರು. ಹಳ್ಳದ ಮೇಲೆ ಚಾಚಿದ ಕಡ್ಡಿಯಲ್ಲಿ ಮೊಟ್ಟೆ ಇರುತ್ತೆ. ಗಂಡು ಕಪ್ಪೆ ಮುಂಗಾಲಲ್ಲಿ ಕೆಸರು ತಂದು ಅದಕ್ಕೆ ಮೆತ್ತುತ್ತೆ. ಸಿದ್ದಾಪುರದ ಕಡೆಯವಳಾದ ನನಗೆ ಮನೆ ಹತ್ತಿರದ ಹಳ್ಳಗಳಲ್ಲೇ ಇಂಥದ್ದೆಲ್ಲ ನಡೆಯುತ್ತೆ ಅಂತ ಗೊತ್ತಾದ ಮೇಲೆ ಬೇರೆ ಕೆಲಸ ರುಚಿಸಲಿಲ್ಲ.

ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಪಶ್ಚಿಮ ಘಟ್ಟದ ಕಪ್ಪೆಗಳ ಪ್ರಾಜೆಕ್ಟ್‌ಗೆ ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋ ಬೇಕು ಅಂತ ಕರೆದಾಗ ಮಾವನಿಗೆ ಹೇಳಿದೆ. "ಅಲ್ಲ ಕೂಸೇ, ಒಳಗೆ ನಮ್ಮವರು ಯಾರಾದ್ರೂ ಇದ್ದಾರಾ? ವಶೀಲಿ ಇಲ್ದೆ ಬೆಂಗ್ಳೂರಲ್ಲಿ ಯಾರು ಕೇಳ್ತಾರೆ?" ಅಂದರು. ಅವರು ಕಂಡ ಪ್ರಪಂಚದಲ್ಲಿ ಅದು ನಿಜವೇ.

ನಾನು ಜಾಹೀರಾತನ್ನೇ ಕೂತು ಓದಿದೆ. ಮೊದಲೇ ಫಿಕ್ಸ್ ಆದ ಪೋಸ್ಟ್‌ಗೆ ಕೆಲವು ಲಕ್ಷಣ ಇರುತ್ತವೆ ಅಂತ ನನ್ನ ಅನಿಸಿಕೆ: ಕೊನೇ ದಿನಾಂಕ ನಾಲ್ಕೇ ದಿನ ದೂರ, ಅರ್ಹತೆಯಂತೂ ಒಬ್ಬರ ಬಯೋಡೇಟಾ ಮುಂದಿಟ್ಟುಕೊಂಡು ಬರೆದ ಹಾಗೆ, ಇಂಥದ್ದೇ ಉಪಕರಣ, ಇಂಥದ್ದೇ ಜಾಗ, ಇಷ್ಟೇ ವರ್ಷ. ಇದರಲ್ಲಿ ಹಾಗಿರಲಿಲ್ಲ. ಕಡ್ಡಾಯ ಅಂತ ಇದ್ದದ್ದು ಎಂಎಸ್ಸಿ ಮತ್ತು ನೆಟ್ ಅಥವಾ ಗೇಟ್ ಪರೀಕ್ಷೆ ಮಾತ್ರ. ಅದರ ಕೆಳಗೆ 'ಇದ್ದರೆ ಒಳ್ಳೆಯದು' ಅನ್ನೋ ಪಟ್ಟಿಯಲ್ಲಿ ಆರ್ (ಅಂಕಿಅಂಶ ವಿಶ್ಲೇಷಿಸುವ ಸಾಫ್ಟ್‌ವೇರ್), ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ತಂತ್ರಜ್ಞಾನ), ರಾತ್ರಿ ಫೀಲ್ಡ್‌ವರ್ಕ್, ಟೂ ವೀಲರ್ ಲೈಸೆನ್ಸ್, ಕೊನೆಗೆ ಕನ್ನಡ ಮಾತಾಡಲು ಬರಬೇಕು ಅಂತ ಇತ್ತು. ಆ ಕೊನೆಯ ಮೂರನ್ನು ನೋಡಿ ನನಗೆ ಧೈರ್ಯ ಬಂತು. ಫಾರೆಸ್ಟ್ ಗಾರ್ಡ್ ಹತ್ತಿರ, ತೋಟದವರ ಹತ್ತಿರ ಮಾತಾಡಿ ರಾತ್ರಿ ಹಳ್ಳಕ್ಕಿಳಿಯುವ ಜನ ಅವರಿಗೆ ನಿಜವಾಗಲೂ ಬೇಕಾಗಿದ್ದಾರೆ ಅಂತ ಅರ್ಥವಾಯಿತು. ಆರ್ ನನಗೆ ಅಷ್ಟಕ್ಕಷ್ಟೆ, ಜಿಐಎಸ್ ಸ್ವಲ್ಪ. ಕಡ್ಡಾಯದ್ದು ಇದ್ದು, ಪಟ್ಟಿಯಲ್ಲಿ ಅರ್ಧ ಇದ್ದರೂ ಹಾಕಬಹುದು ಅಂತ ಆಗ ತೀರ್ಮಾನಿಸಿದೆ, ಈಗಲೂ ಎಲ್ಲರಿಗೂ ಅದನ್ನೇ ಹೇಳುತ್ತೇನೆ.

ಆಮೇಲೆ ಆ ಲ್ಯಾಬ್‌ನ ಪುಟದಲ್ಲಿ ಹಿಂದೆ ಯಾರ‍್ಯಾರು ಇದ್ದರು ಅಂತ ನೋಡಿದೆ. ಸಣ್ಣ ಊರಿನ ಕಾಲೇಜುಗಳಿಂದ ಬಂದವರೂ ಇದ್ದರು. ಎಲ್ಲರೂ ಒಂದೆರಡು ದೊಡ್ಡ ಸಂಸ್ಥೆಯವರೇ ಆಗಿದ್ದರೆ ಇನ್ನಷ್ಟು ಯೋಚಿಸುತ್ತಿದ್ದೆ.

ದುಡ್ಡಿನ ಲೆಕ್ಕವೂ ಹಾಕಬೇಕಲ್ವಾ. ಕೇಂದ್ರ ಸರ್ಕಾರ 2023ರಲ್ಲಿ ಜೆಆರ್‌ಎಫ್ ಮೊತ್ತವನ್ನು ತಿಂಗಳಿಗೆ 31,000ದಿಂದ 37,000 ರೂಪಾಯಿಗೆ ಏರಿಸಿತ್ತು, ಮನೆ ಬಾಡಿಗೆ ಭತ್ಯೆ ಬೇರೆ. ಆದರೆ ಪೋಸ್ಟ್ ಒಂದು ವರ್ಷಕ್ಕೆ, ಕೆಲಸ ನೋಡಿ ಮುಂದುವರಿಕೆ. ಅತಿಥಿ ಉಪನ್ಯಾಸಕರ ಪಾಡೂ ವರ್ಷ ವರ್ಷದ್ದೇ, ಹಾಗಾಗಿ ಬಿಟ್ಟು ಹೋಗಲು ದೊಡ್ಡ ಭದ್ರತೆ ಏನೂ ಇರಲಿಲ್ಲ. ಪರ್ಮನೆಂಟ್ ಕೆಲಸದಲ್ಲಿರುವವರ ಲೆಕ್ಕ ಬೇರೆಯೇ ಬರುತ್ತೆ.

ಪ್ರಾಜೆಕ್ಟ್ ನಡೆಸುವ ವಿಜ್ಞಾನಿಯನ್ನು ನಾವು ಪಿಐ ಅನ್ನುತ್ತೇವೆ. ಅರ್ಜಿಗೆ ಮುಂಚೆ ಅವರಿಗೆ ಒಂದು ಮೇಲ್ ಹಾಕಿದೆ. "ನಿಮ್ಮ ಇತ್ತೀಚಿನ ಲೇಖನ ಓದಿದೆ. ನಾನು ಸಿದ್ದಾಪುರದ ಕಡೆಯವಳು, ಮಳೆಗಾಲದಲ್ಲಿ ಕಪ್ಪೆಗಳ ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಐನ್ಯಾಚುರಲಿಸ್ಟ್‌ಗೆ ಹಾಕುತ್ತಿದ್ದೇನೆ, ಲಿಂಕ್ ಇಲ್ಲಿದೆ. ನನಗೆ ಆರ್ ಹೆಚ್ಚು ಬರುವುದಿಲ್ಲ, ಸೇರಿದ ಮೇಲೆ ಕಲಿಯಲು ಅವಕಾಶ ಇದೆಯೇ?" ಇಷ್ಟೇ ಇಂಗ್ಲಿಷಿನಲ್ಲಿ ಬರೆದೆ. (ಐನ್ಯಾಚುರಲಿಸ್ಟ್ ಅಂದರೆ ತಾವು ಕಂಡ ಜೀವಿಗಳ ಫೋಟೋ, ಧ್ವನಿಯನ್ನು ಜನ ಹಂಚಿಕೊಳ್ಳುವ ಜಾಲತಾಣ.) ನನ್ನ ಆಸೆ, ಬಾಲ್ಯ, ಪ್ರಕೃತಿ ಪ್ರೇಮ ಯಾವುದನ್ನೂ ಬರೆಯಲಿಲ್ಲ. ಹೌದು ಇಲ್ಲ ಅಂತ ಒಂದೇ ಸಾಲಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ ಇದ್ದರೆ ಬ್ಯುಸಿ ಇರುವವರೂ ಉತ್ತರಿಸುತ್ತಾರೆ. "ಕಲಿಯಬಹುದು, ಅರ್ಜಿ ಹಾಕಿ" ಅಂತ ಬಂತು.

ಸಂದರ್ಶನದಲ್ಲಿ ಲ್ಯಾಪ್‌ಟಾಪಿನಿಂದ ಕಪ್ಪೆಗಳ ಕೂಗು ಕೇಳಿಸಿ ಯಾವುದು ಅಂದರು. ಕೆಲವು ಹೇಳಿದೆ, ಒಂದಕ್ಕೆ ಗೊತ್ತಿಲ್ಲ ಅಂದೆ. ಹಾಗಾದರೆ ಹೇಗೆ ಕಂಡುಹಿಡಿಯುತ್ತೀರಿ ಅಂತ ಕೇಳಿದರು, ಆ ಮಾತುಕತೆಯೇ ಜಾಸ್ತಿ ಹೊತ್ತು ನಡೆಯಿತು. ಯಾರು ಕಳಿಸಿದ್ದು ಅಂತ ಯಾರೂ ಕೇಳಲಿಲ್ಲ. ಕೆಲಸ ಸಿಕ್ಕಿತು. ಎಲ್ಲ ಕಡೆ ಹೀಗೇ ಆಗುತ್ತೆ ಅಂತ ಹೇಳಲಾರೆ, ಬೇರೊಂದು ಕಡೆಗೆ ಹಾಕಿದ ಅರ್ಜಿಗೆ ಉತ್ತರವೇ ಬರಲಿಲ್ಲ.

ಹುಡುಕುವವರಿಗೆ: ಇಂಡಿಯಾಬಯೋಸೈನ್ಸ್ ತಾಣದಲ್ಲಿ ಇಂಥ ಪ್ರಕಟಣೆಗಳು ಬರುತ್ತವೆ, ಸಂಸ್ಥೆಗಳ ಸ್ವಂತ ಪುಟಗಳನ್ನೂ ನೋಡುತ್ತಿರಿ. ಕಪ್ಪೆ ಕೆಲಸ ಮಳೆಗಾಲದ್ದು. ಜೂನ್ ಒಳಗೆ ಜನ ಬೇಕಿರುತ್ತೆ, ಆದ್ದರಿಂದ ಮಾರ್ಚ್‌ನಿಂದಲೇ ಕಣ್ಣಿಟ್ಟಿರಿ.